ಮೂತಿಯೊಳಗಿನ ಸೀಸ

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಕಾಫಿ ಕೊಯ್ಲು ಮುಗಿಯಲಿ ಎಂದುಕೊಂಡೆ, ಮುಗಿಯಿತು. ಹಣ್ಣು ಕಣದಲ್ಲಿ ಒಣಗಲಿ ಎಂದೆ, ಒಣಗಿತು. ಕಾಫಿಗಿಡ ಹೂ ಬಿಡಿಸುವ ಹೂಮಳೆ ಬೀಳಲಿ, ಆಮೇಲೆ ನೆಮ್ಮದಿಯಾಗಿ ಕೂತು ಬರೆಯೋಣ ಎಂದೆ. ಆ ವರ್ಷ ಹೂಮಳೆ ಸರಿಯಾಗಿ ಬೀಳಲೇ ಇಲ್ಲ. ಊರೆಲ್ಲ ಕಂಗಾಲಾಗಿದ್ದಾಗ ನನಗೆ ಮಾತ್ರ ಒಳಗೊಳಗೇ ಸಮಾಧಾನ. ಕಣ್ಣಿನ ಪೊರೆ ತೆಗೆಸಿದ ಮೇಲೆ ಖಂಡಿತ ಎಂದು ಹೇಳಿಕೊಂಡೆ. ತೆಗೆಸಿಯೂ ಆಯಿತು. ಈಗ ಮೇಜಿನ ಮೇಲಿರುವುದೆಲ್ಲ ಸ್ಪಷ್ಟವಾಗಿ ಕಾಣಿಸುತ್ತದೆ. ಇನ್ನು ನೆಪ ಉಳಿದಿಲ್ಲ.

ಮೇಜಿನ ಮೇಲಿರುವುದು ಒಂದು ಪುಟ್ಟ ಬಟ್ಟೆಯ ಚೀಲ. ನಿಂಬೆಹಣ್ಣಿನ ಗಾತ್ರ. ಹಸಿರು ರವಿಕೆ ಬಟ್ಟೆಯಲ್ಲಿ ಹೊಲಿದದ್ದು, ಬಾಯಿಗೆ ಬಿಗಿಯಾಗಿ ದಾರ ಸುತ್ತಿದೆ. ಫ್ಯಾನ್ ಹಾಕಿದಾಗ ಪೇಪರ್ ಹಾರದಿರಲೆಂದು ಅದನ್ನು ಮೇಲಿಡುತ್ತೇನೆ. ಮನೆಗೆ ಬಂದವರು ಅದನ್ನು ಎತ್ತಿ ನೋಡದೆ ಇರುವುದಿಲ್ಲ. ಎತ್ತಿದವರು ‘ಅಬ್ಬಾ’ ಎನ್ನದೆ ಇರುವುದಿಲ್ಲ.

“ಎಂತದಿದು, ಇಷ್ಟು ಭಾರ?”

“ಸೀಸ.”

“ಎಂತಕ್ಕೆ?”

“ಪೇಪರ್ ಹಾರದ ಹಾಗೆ” ಎನ್ನುತ್ತೇನೆ. ಅದು ಇದ್ದದ್ದೇ ಹಾರಿಸುವುದಕ್ಕೆ ಎಂದು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತವರು. ನಾನು ಅಲ್ಲಿಂದ ಮೂರ್ನಾಡಿನ ಕಡೆಯ ಒಂದು ಎಸ್ಟೇಟಿಗೆ ರೈಟರಾಗಿ ಬಂದು, ಅಲ್ಲೇ ಮುದುಕನಾದೆ. ರೈಟರ್ ಎಂದರೆ ಕಥೆ ಬರೆಯುವವನೆಂದು ಹೊರಗಿನವರು ತಿಳಿದುಕೊಳ್ಳುವುದು ಬೇಡ. ಆಳುಗಳ ಹಾಜರಿ ಹಾಕುವುದು, ಪಿಕ್ಕಿಂಗ್ ಕಾಲದಲ್ಲಿ ಹಣ್ಣಿನ ತೂಕ ಹಿಡಿಯುವುದು, ಕಾಫಿ ಮೂಟೆಯ ಮೇಲೆ ತಗಡಿನ ಅಚ್ಚಿಟ್ಟು ಅಕ್ಷರ ಮೂಡಿಸುವುದು, ಇದು ರೈಟರ ಕೆಲಸ. ಇವುಗಳ ಜೊತೆಗೆ ನೇಮಕದ ಕಾಗದದಲ್ಲಿ ಬರೆಯದ ಇನ್ನೊಂದು ಕೆಲಸವೂ ಇತ್ತು. ಏನಾದರೂ ಕೆಟ್ಟಾಗ ಒಂದು ಹೆಸರು ಕೊಡುವುದು. ಗೊಬ್ಬರ ನೆನೆಯಿತು. ಮ್ಯಾನೇಜರು ಜೀಪಿನಿಂದ ಇಳಿಯದೆಯೇ “ಯಾರು?” ಎನ್ನುತ್ತಿದ್ದರು. “ಸಾರ್, ನಾನೇ ಟಾರ್ಪಾಲು ಹೊದಿಸೋದು ಮರೆತೆ” ಎಂದು ಹೇಳಿದ ರೈಟರನ್ನು ನಾನು ಕಂಡಿಲ್ಲ. ಆಳುಗಳ ಲೈನುಮನೆಯ ಯಾವುದಾದರೊಂದು ಹೆಸರು ನನ್ನ ನಾಲಿಗೆಯ ತುದಿಯಲ್ಲಿ ಸದಾ ತಯಾರಿರುತ್ತಿತ್ತು. ಆ ಹೆಸರಿನವನು ಒಂದು ದಿನ ಬೈಸಿಕೊಳ್ಳುತ್ತಿದ್ದ, ಮರುದಿನ ಎಲ್ಲರೂ ಮರೆಯುತ್ತಿದ್ದರು. ಇದರಲ್ಲಿ ತಪ್ಪಿದೆ ಎಂದು ನನಗೆ ಅನ್ನಿಸಿದ್ದೇ ಇಲ್ಲ. ಕೊಡೆ ಬಿಚ್ಚುವಷ್ಟು ಸಹಜವಾಗಿ ಅದು ಕೈಗೆ ಹತ್ತಿತ್ತು.

ನಿವೃತ್ತನಾದ ಮೇಲೆ ಎಸ್ಟೇಟಿನ ಅಂಚಿನಲ್ಲೇ ಸಣ್ಣ ಮನೆ ಮಾಡಿಕೊಂಡೆ. ಬೇಲಿಯಾಚೆ ಒಬ್ಬರು ಕೊಡವರು, ವಾಯುಪಡೆಯಿಂದ ನಿವೃತ್ತರಾಗಿ ಬಂದವರು, ನನ್ನದೇ ವಯಸ್ಸು. ವಿಮಾನ ಹಾರಿಸಿದವರಲ್ಲ. ರೆಕ್ಕೆ, ಬಾಲ, ಮೈ ತಗಡು ರಿಪೇರಿ ಮಾಡಿ ಬೇರೆಯವರು ಹಾರಿಸುವ ಹಾಗೆ ಮಾಡಿದವರು. ವಾರಂಟ್ ಆಫೀಸರಾಗಿ ಬಂದರು, ನಮ್ಮೂರಿನ ಪದ್ಧತಿಯಂತೆ ಬರೀ ‘ವಾರಂಟ್’ ಆಗಿಬಿಟ್ಟರು. ಅಂಗಡಿಯವನಿಗೂ ವಾರಂಟ್, ಬಸ್ ಕಂಡಕ್ಟರಿಗೂ ವಾರಂಟ್. ಅವರ ಹೆಂಡತಿ ದೇಚಮ್ಮ ಕೂಡ ನಮ್ಮ ಮುಂದೆ “ವಾರಂಟ್ ಎಲ್ಲಿ ಹೋದ್ರು?” ಎಂದು ತಮಾಷೆಗೆ ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಅವರ ಜಗಲಿಯಲ್ಲಿ ಕಾಫಿ ಕುಡಿಯುವಾಗ ಅವರ ಕೈಯ ಲೋಟ ತಟ್ಟೆಗೆ ಕಟಕಟ ಬಡಿಯಿತು. ಇಬ್ಬರೂ ಅದನ್ನೇ ನೋಡಿದೆವು. ಮಡಿಕೇರಿಯ ಡಾಕ್ಟರು ಅದಕ್ಕೊಂದು ಉದ್ದದ ಹೆಸರು ಹೇಳಿದ್ದಾರೆ, ಇದು ಹೋಗುವುದಿಲ್ಲ, ಹೆಚ್ಚುತ್ತಾ ಹೋಗುತ್ತದೆ ಎಂದಿದ್ದಾರೆ ಎಂದು ತಿಳಿಸಿದರು.

“ರೈಟ್ರೇ, ಈ ಕೈ ಪೂರ್ತಿ ಹೋಗುವ ಮೊದಲು ನನಗೊಂದು ಕೆಲಸ ಮಾಡ್ಬೇಕು” ಎಂದರು. “ಒಂದು ಸ್ಪಿಟ್‌ಫೈರ್ ಕಟ್ಟಬೇಕು.”

ನನಗೆ ಅದು ಗೋಡೆಯೋ ಗೋದಾಮೋ ತಿಳಿಯಲಿಲ್ಲ. ಆಮೇಲೆ ವಿವರಿಸಿದರು. ಹಳೆಯ ಯುದ್ಧಕಾಲದ ವಿಮಾನ. ಅವರು ಹುಡುಗನಾಗಿ ತರಬೇತಿಗೆ ಸೇರಿದಾಗ ಅಲ್ಲಿಯ ಗೇಟಿನ ಹತ್ತಿರ ಕಟ್ಟೆಯ ಮೇಲೆ ಅಂಥದ್ದೊಂದನ್ನು ನಿಲ್ಲಿಸಿದ್ದರಂತೆ. ತಡವಾಗಿ ಎದ್ದದ್ದಕ್ಕೆ ಶಿಕ್ಷೆಯಾಗಿ ಅದನ್ನು ತಿಕ್ಕಿ ಹೊಳೆಯಿಸಬೇಕಾಯಿತು. “ನಾನು ಮುಟ್ಟಿದ ಮೊದಲನೇ ವಿಮಾನ ಅದು. ಹಾರದೇ ನಿಂತ ವಿಮಾನ. ಅಷ್ಟು ವರ್ಷ ಎಷ್ಟೋ ವಿಮಾನ ರಿಪೇರಿ ಮಾಡಿದೆ ಮಾರಾಯ, ಕನಸಿಗೆ ಬರೋದು ಅದೊಂದೇ. ಒಂದು ಸಲ ಅದು ನೆಲ ಬಿಟ್ಟು ಏಳೋದು ನೋಡ್ಬೇಕು. ದೊಡ್ಡದಲ್ಲದಿದ್ರೆ ಸಣ್ಣದು. ಕಟ್ಟೋದು ನಾನು, ರಿಮೋಟ್ ಹಿಡಿಯೋದು ನೀವು. ನಿಮ್ಮ ಕೈ ಗಟ್ಟಿ ಉಂಟು.”

ನನ್ನ ಕೈ ಗಟ್ಟಿ ಉಂಟು! ಅದುವರೆಗೆ ಯಾರೂ ನನ್ನ ಕೈಯನ್ನು ಹೊಗಳಿರಲಿಲ್ಲ. ನಾನು ಒಪ್ಪಿಕೊಂಡೆ. “ಆಗಲಿ ವಾರಂಟ್ ಸಾರ್” ಎಂದೆ.

“ಮೊದಲು ಆ ವಾರಂಟ್ ಬಿಡಿ. ಪೊಲೀಸ್ ಮನೆಗೆ ಬಂದ ಹಾಗಾಗ್ತದೆ. ನನಗೊಂದು ಹೆಸರು ಉಂಟಲ್ಲ.”

“ಹಂಗಾದ್ರೆ ನೀವೂ ರೈಟ್ರೇ ಅನ್ನೋದು ಬಿಡಬೇಕು.”

“ಅದು ಬಾಯಿಗೆ ಕೂತುಹೋಗಿದೆ.”

“ನನಗೂ ಅಷ್ಟೇ. ಒಂದು ಕೆಲಸ ಮಾಡೋಣ ಸಾರ್. ವಿಮಾನ ಹಾರಿದ ದಿನ ಇಬ್ಬರೂ ಹೆಸರು ಹಿಡಿದು ಕರೆಯೋಣ.”

ಅವರು ನಗುತ್ತಾ ಕೈ ಚಾಚಿದರು. ಆ ನಡುಗುವ ಕೈಯನ್ನು ಹಿಡಿದು ಕುಲುಕಿದೆ. ಯಾರು ಯಾರ ಕೈ ಕುಲುಕುತ್ತಿದ್ದಾರೆಂದು ತಿಳಿಯದ ಹಾಗೆ ಎರಡೂ ಅಲುಗಾಡಿದವು. ಒಳಗಿನಿಂದ ದೇಚಮ್ಮ, “ಎರಡು ಮುದುಕರಿಗೂ ಬೇರೆ ಕಸುಬಿಲ್ಲ” ಎಂದರು.

ಅವರ ಮನೆಯ ಹಿಂದಿನ ಸೌದೆ ಕೊಟ್ಟಿಗೆ ಕಾರ್ಖಾನೆಯಾಯಿತು. ಬಾಲ್ಸಾ ಎಂಬ ಮರದ ಹಾಳೆಗಳು ಕೊರಿಯರಿನಲ್ಲಿ ಬಂದವು. ಕಟ್ಟು ಎತ್ತಿದರೆ ಒಳಗೆ ಏನೂ ಇಲ್ಲವೇನೋ ಅನ್ನುವಷ್ಟು ಹಗುರ. ಅದನ್ನು ಬ್ಲೇಡಿನಿಂದ ಕೊಯ್ದು, ಮೀನಿನ ಮುಳ್ಳಿನ ಹಾಗೆ ಪಕ್ಕೆಗಳನ್ನು ಮಾಡಿ, ಒಂದೊಂದನ್ನೂ ಅಂಟಿಸಿ, ಉಪ್ಪುಕಾಗದದಲ್ಲಿ ತಿಕ್ಕಿ, ಮೇಲೆ ತೆಳುವಾದ ಹೊದಿಕೆ ಎಳೆದು, ಅವರು ರೆಕ್ಕೆ ಮಾಡಿದರು. ಆ ವಿಮಾನದ ರೆಕ್ಕೆ ಎಲ್ಲ ವಿಮಾನಗಳ ಹಾಗೆ ನೇರವಲ್ಲ. ಬುಡದಲ್ಲಿ ಅಗಲವಾಗಿ, ತುದಿಗೆ ಬಾಗುತ್ತಾ, ಥೇಟ್ ಕಾಫಿ ಎಲೆ. ಅವರ ಕೈ ಸುಮ್ಮನಿದ್ದಾಗ ನಡುಗುತ್ತಿತ್ತು. ಕೆಲಸ ಹಿಡಿದಾಗ ಕೊಂಚ ತಗ್ಗುತ್ತಿತ್ತು. ಅಂಟು ಹಾಕುವ ಮೊದಲು ಮೊಣಕೈಯನ್ನು ಮೇಜಿಗೆ ಒತ್ತಿ, ಉಸಿರು ಹಿಡಿದು, ನಡುಕ ತಗ್ಗುವವರೆಗೆ ಕಾಯುತ್ತಿದ್ದರು. ನಾನು ಒಂದು ಬೀಡಿ ಸೇದಿ ಬರುವಷ್ಟರಲ್ಲಿ ಒಂದು ಹನಿ ಅಂಟು. ಹಾಗೆ ಕಟ್ಟಿದ ವಿಮಾನ ಅದು.

ನನ್ನ ಹೆಂಡತಿ ದಿನಕ್ಕೊಂದು ಸಲ ಬೇಲಿಯ ಹತ್ತಿರ ಬಂದು ವಿಚಾರಿಸುತ್ತಿದ್ದಳು. “ರೀ, ನಿಮ್ಮ ಏರೋಪ್ಲೇನಲ್ಲಿ ನನಗೂ ಒಂದು ಸೀಟಿದೆಯಾ? ಇದ್ರೆ ಹೇಳಿ, ತವರಿಗೆ ಹೋಗಿ ಬರ್ತೀನಿ.”

ಏರೋಪ್ಲೇನ್ ಎಂದಾಗ ಒಂದು ನೆನಪಾಗುತ್ತದೆ. ಚಿಕ್ಕಂದಿನಲ್ಲಿ ನಮಗೆ ಏರೋಪ್ಲೇನ್ ಎಂದರೆ ಗದ್ದೆ ಬದುವಿನ ಮೇಲೆ ಹಾರುವ ಏರೋಪ್ಲೇನ್ ಚಿಟ್ಟೆ. ಕಡ್ಡಿಯ ತುದಿಯಲ್ಲಿ ಅದು ಕೂತಾಗ ಹಿಂದಿನಿಂದ ಹೋಗಿ ಬಾಲ ಹಿಡಿಯುವುದರಲ್ಲಿ ನಾನು ನಿಸ್ಸೀಮ. ಬಾಲಕ್ಕೆ ಅಮ್ಮನ ಹೊಲಿಗೆ ಪೆಟ್ಟಿಗೆಯ ದಾರ ಕಟ್ಟಿ ಹಾರಿಸುತ್ತಿದ್ದೆವು. ಯೋಚಿಸಿದರೆ ನನ್ನ ಮೊದಲನೆಯ ರಿಮೋಟ್ ವಿಮಾನ ಅದೇ. ದಾರ ಸಾಲದೆ ಒಮ್ಮೆ ಅದರ ತುದಿಗೆ ಒಂದು ಹರಳು ಕಟ್ಟಿದೆ. ಪಾಪ, ಅದು ತಲೆ ಮೇಲಕ್ಕೆತ್ತಿ, ಬಾಲ ಜೋತು ಬಿಟ್ಟು, ನಿಂತಲ್ಲೇ ಪಟಪಟ ರೆಕ್ಕೆ ಬಡಿದು, ಮಗುಚಿ ಕೆಳಗೆ ಬಿತ್ತು. ನಾವು ಚಪ್ಪಾಳೆ ತಟ್ಟಿದೆವು. ಬಾಲ ಭಾರವಾದರೆ ಏನಾಗುತ್ತದೆಂದು ನನಗೆ ಅಷ್ಟು ಸಣ್ಣ ವಯಸ್ಸಿಗೇ ಗೊತ್ತಿತ್ತು.

ವಿಮಾನದ ಕಥೆಗೆ ಬರೋಣ. ಸುಗ್ಗಿ ಮುಗಿದ ಗದ್ದೆಯಲ್ಲಿ, ಥರ್ಮೊಕೋಲಿನಂಥ ಒಂದು ಅಗ್ಗದ ವಿಮಾನ ತರಿಸಿ ನನಗೆ ಪಾಠ ಶುರುವಾಯಿತು. ವಿಮಾನ ನಮ್ಮಿಂದ ದೂರ ಹೋಗುವಾಗ ಎಲ್ಲ ಸರಿ. ನಮ್ಮ ಕಡೆಗೇ ತಿರುಗಿ ಬರುವಾಗ ಅದರ ಎಡ ನಮಗೆ ಬಲ, ಅದರ ಬಲ ನಮಗೆ ಎಡ. ಅವರು ಹಿಂದೆ ನಿಂತು ಕೂಗುತ್ತಿದ್ದರು.

“ಬಲಕ್ಕೆ ರೈಟ್ರೇ, ಬಲಕ್ಕೆ! ನಿಮ್ಮ ಬಲ ಅಲ್ಲ, ಅದರ ಬಲ! ಒಳಗೆ ಕೂತವನ ಹಾಗೆ ಯೋಚನೆ ಮಾಡಿ!”

“ಒಳಗೆ ಕೂತಿದ್ರೆ ಇಷ್ಟೊತ್ತಿಗೆ ಹಾರಿಕೊಳ್ತಿದ್ದೆ ಸಾರ್!”

ಆ ಅಗ್ಗದ ವಿಮಾನ ಹಲಸಿನ ಮರ ಹತ್ತಿತು, ಹಳ್ಳಕ್ಕೆ ಇಳಿಯಿತು, ಒಂದು ಎಮ್ಮೆಯ ಬೆನ್ನಿಗೆ ತಾಗಿತು. ಪ್ರತಿ ಸಲವೂ ಅವರು ಅದನ್ನು ಅಂಟಿಸಿ ಕೊಟ್ಟರು. ಒಂದು ಸಲವೂ ‘ನಿಮ್ಮಿಂದ’ ಎನ್ನಲಿಲ್ಲ. “ಗಾಳಿ ಸ್ವಲ್ಪ ಜಾಸ್ತಿ ಇತ್ತು” ಎನ್ನುತ್ತಿದ್ದರು.

ಬಣ್ಣದ ಕೆಲಸ ನನ್ನದು. ಮೂಟೆಯ ಮೇಲೆ ಅಕ್ಷರ ಮೂಡಿಸಿದ ಕೈಯಲ್ಲವೇ! ಹಸಿರು, ಕಂದು ಪಟ್ಟೆ ಹಾಕಿದೆ. ರೆಕ್ಕೆಯ ಮೇಲೆ ಬಳೆಯಂಥ ಗುರುತು ಬರೆದೆ. ಹೊಗೆ ಕಾರಿದ ಕಲೆ ಬೇಕೆಂದು ಒಲೆಯ ಮಸಿ ಉಜ್ಜಿದೆ. ಹಿಂದಿನ ಕಾಲದಲ್ಲಿ ಪೈಲಟ್ ಕೂರುವ ಗಾಜಿನ ಕೆಳಗೆ ಅವನ ಹೆಸರು ಬರೆಯುವುದಿತ್ತು ಎಂದು ಅವರೇ ಹೇಳಿದ್ದರು. ಮರುದಿನ ಅವರು ಬರುವಷ್ಟರಲ್ಲಿ ಅಲ್ಲಿ ನನ್ನ ಹೆಸರು ಇತ್ತು. ಬಿಳಿ ಬಣ್ಣ, ತಗಡಿನ ಅಚ್ಚು, ಅಕ್ಷರ ಒಂದರ ಪಕ್ಕ ಒಂದು ಅಲುಗಾಡದೆ ನಿಂತಿದ್ದವು. ಅವರು ಬಗ್ಗಿ ನೋಡಿದರು. ವಿಮಾನವನ್ನು ತಿರುಗಿಸಿ ಇನ್ನೊಂದು ಬದಿಯನ್ನೂ ನೋಡಿದರು. ಆಮೇಲೆ, “ಚೆಂದ ಬಂದಿದೆ. ಹಾರಿಸೋದು ನೀವೇ ಅಲ್ವಾ” ಎಂದರು. ಅವರ ಹೆಸರನ್ನೂ ಬರೆಯಲೇ ಎಂದು ನಾನು ಕೇಳಬಹುದಿತ್ತು. ಇನ್ನೊಂದು ಬದಿ ಪೂರ್ತಿ ಖಾಲಿ ಇತ್ತು.

ಕೊನೆಗೆ ಉಳಿದದ್ದು ತೂಕ. ಈ ವಿಮಾನದ ಮೂತಿ ಗಿಡ್ಡ, ಬಾಲ ಉದ್ದ. ಮೂತಿಯಲ್ಲಿ ಭಾರ ಇಡದಿದ್ದರೆ ಹಿಂದಕ್ಕೆ ಜಗ್ಗುತ್ತದೆ. ಮಳೆಗಾಲದಲ್ಲಿ ತೇವ ಹಿಡಿದು ಕೆಟ್ಟ ತೋಟಾಗಳು ಅವರ ಮನೆಯಲ್ಲಿ ಒಂದು ಡಬ್ಬಿ ತುಂಬಾ ಇದ್ದವು. ಅವನ್ನು ಬಿಚ್ಚಿ ಸೀಸದ ಗುಂಡುಗಳನ್ನು ಸುರಿದೆವು. ದೇಚಮ್ಮ ತಮ್ಮ ರವಿಕೆಯ ತುಂಡಿನಲ್ಲಿ ಚೀಲ ಹೊಲಿದರು. ಆ ಚೀಲವನ್ನು ಮೂತಿಯ ಒಳಗೆ, ಮೋಟಾರಿನ ಹಿಂದೆ ಸಿಗಿಸಿ, ಎರಡು ರೆಕ್ಕೆಗಳ ಕೆಳಗೆ ಒಂದೊಂದು ಬೆರಳಿಟ್ಟು ವಿಮಾನವನ್ನು ಎತ್ತಬೇಕು. ಅದು ಮೂತಿಯನ್ನು ಕೂದಲೆಳೆಯಷ್ಟು ತಗ್ಗಿಸಿ ನಿಂತರೆ ಸರಿ. ಅವರ ಬೆರಳ ಮೇಲೆ ಅದು ನಿಲ್ಲುತ್ತಿರಲಿಲ್ಲ. ಹಾಗಾಗಿ ಎತ್ತುವುದು ನಾನು, ನೋಡುವುದು ಅವರು. ನಿಂತಿತು. ಅವರು ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಮೂತಿಯಿಂದ ಬಾಲದವರೆಗೆ ನೋಡಿ ಹೇಳಿದರು, “ಇನ್ನು ಮೇಲೆ ಹಾರಿಸುವ ಮೊದಲು ಪ್ರತಿ ಸಲ ಹೀಗೆ ತೂಗಿ ನೋಡದೆ ನೆಲ ಬಿಡಿಸಬಾರದು ರೈಟ್ರೇ. ಪ್ರತಿ ಸಲ.”

ಹಾರಿಸುವುದು ಕೈಲ್‌ಪೊಳ್ದ್ ಹಬ್ಬದ ದಿನ ಎಂದು ತೀರ್ಮಾನವಾಯಿತು. ನಾಟಿ ಮುಗಿದ ಮೇಲೆ ಕೊಡವರು ಆಯುಧಗಳಿಗೆ ಪೂಜೆ ಮಾಡುವ ಹಬ್ಬ. ಒರೆಸಿ ಹೊಳೆಯಿಸಿದ ಕೋವಿಗಳನ್ನು ದೀಪದ ಮುಂದೆ ನಿಲ್ಲಿಸಿ, ನಳಿಗೆಯ ಬಾಯಿಗೆ ಕೆಂಪು ಹಳದಿಯ ಕೋವಿ ಹೂ ಸಿಕ್ಕಿಸುತ್ತಾರೆ. ಪೂಜೆ, ಊಟ, ಆಮೇಲೆ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಪಂದ್ಯದ ಮೊದಲು ನಮ್ಮ ವಿಮಾನ. ವಾರಂಟ್ ಕೂಡ ಪ್ರತಿ ವರ್ಷ ಪಂದ್ಯಕ್ಕೆ ನಿಲ್ಲುತ್ತಿದ್ದರು. ನಡುಕ ಬಂದ ಮೇಲೂ. ಕೋವಿ ಹೆಗಲಿಗೆ ಏರಿದ ಕ್ಷಣ ಅದು ಹೇಗೋ ನಿಂತುಬಿಡುತ್ತಿತ್ತು. ಕಾಯಿ ಒಡೆಯುತ್ತಿತ್ತು. ಜನ ಹೋ ಎನ್ನುತ್ತಿದ್ದರು. ಕಾಯಿಲೆಗೆ ಅವರು ಕೊಡುತ್ತಿದ್ದ ಉತ್ತರ ಅದೊಂದೇ.

ಬೆಳಿಗ್ಗೆ ನಾನು ನನ್ನ ಒಂದೇ ಒಂದು ಕೋಟು ಹಾಕಿಕೊಂಡು ಹೋದೆ. ಅವರು ಕರಿಯ ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ ಸುತ್ತಿ ಬಿಗಿದು ಮದುಮಗನ ಹಾಗೆ ಇದ್ದರು. ಕೋವಿಗಳ ಸಾಲಿನಲ್ಲಿ ವಿಮಾನವನ್ನೂ ಇಟ್ಟರು.

“ಇದಕ್ಕೂ ಕೋವಿ ಉಂಟು, ರೆಕ್ಕೆಯಲ್ಲಿ” ಎಂದರು. “ಇದಕ್ಕೂ ಒಂದು ಹೂ ಇಡಿ ರೈಟ್ರೇ.”

ರೆಕ್ಕೆಯ ಕೋವಿಗಳು ಬೆಂಕಿಕಡ್ಡಿಯಷ್ಟು. ಹೂ ನಿಲ್ಲಲಿಲ್ಲ. ಮೂತಿಯ ಕೆಳಗೆ ಗಾಳಿ ಹೋಗಲು ಒಂದು ಕಿಂಡಿ ಇತ್ತು. ಅಲ್ಲಿ ಸಿಕ್ಕಿಸಿದೆ, ಕಾಂಡ ಒಳಗೆ ಹೋಗದೆ ಬಿತ್ತು. ಒಳಗೆ ಸೀಸದ ಚೀಲ ಅಡ್ಡ ಇತ್ತು. ಮುಚ್ಚಳ ತೆರೆದು ಚೀಲ ಹೊರಗೆಳೆದು ಕೋಟಿನ ಜೇಬಿಗೆ ಹಾಕಿಕೊಂಡೆ, ಕಾಂಡವನ್ನು ಒಳಕ್ಕೆ ತಳ್ಳಿ ಮುಚ್ಚಳ ಹಾಕಿದೆ. ವಿಮಾನದ ಮೂತಿಯಲ್ಲಿ ಹೂ ಅರಳಿ ನಿಂತಿತು. ನೋಡಿದವರೆಲ್ಲ ಫೋಟೊ ತೆಗೆದರು. “ರೈಟರ ಕೈಚಳಕ ನೋಡಿ” ಎಂದು ದೇಚಮ್ಮ ಎಲ್ಲರಿಗೂ ತೋರಿಸಿದರು. ನಾನು ಉಬ್ಬಿಹೋದೆ. ಪೂಜೆಯಾಯಿತು, ಅಕ್ಕಿ ಉಂಡೆಯ ಕಡಂಬುಟ್ಟು, ಹಂದಿ ಕರಿ ಆಯಿತು, ಜೊತೆಗೆ ಕುಡಿಯುವುದೂ ಆಯಿತು. ಮೈದಾನಕ್ಕೆ ಹೊರಡುವಾಗ ಹೂವನ್ನು ಕಿತ್ತು ದೀಪದ ಹತ್ತಿರ ಇಟ್ಟೆ. ಚೀಲ ಜೇಬಿನಲ್ಲೇ ಉಳಿಯಿತು.

ಮೈದಾನದಲ್ಲಿ ಊರಿಗೆ ಊರೇ ಸೇರಿತ್ತು. ಮೈಕಿನವನು ನನ್ನ ಹೆಸರನ್ನು ಎರಡೆರಡು ಸಲ ಕೂಗಿದ. ನಾನು ರಿಮೋಟನ್ನು ಕೊರಳಿಗೆ ಹಾಕಿಕೊಂಡೆ. ವಾರಂಟ್ ಹತ್ತಿರ ಬಂದು ಮೆಲ್ಲಗೆ ಹೇಳಿದರು.

“ರೈಟ್ರೇ, ಒಂದು ಸಲ ತೂಗಿ ನೋಡೋಣ.”

“ಆಗ್ಲೇ ನೋಡಿದೀನಿ ಸಾರ್.”

“ಯಾವಾಗ?”

“ಮನೇಲೇ ನೋಡಿದೆ. ಬಿಡಿ ಸಾರ್, ಜನ ಕಾಯ್ತಿದಾರೆ.”

ನಾನು ನೋಡಿರಲಿಲ್ಲ. ಅವರು ಬಗ್ಗಿ, ತಾವೇ ರೆಕ್ಕೆಯ ಕೆಳಗೆ ಬೆರಳಿಡಲು ಹೋದರು. ಬೆರಳುಗಳು ನಡುಗಿದವು, ರೆಕ್ಕೆ ಅಲುಗಾಡಿತು. ಸುತ್ತಲಿನವರು ನೋಡುತ್ತಿದ್ದರು. “ಬಿಡಿ ಸಾರ್, ಬೀಳಿಸ್ತೀರಿ” ಎಂದೆ, ಸ್ವಲ್ಪ ಗಟ್ಟಿಯಾಗಿಯೇ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

ಹುಲ್ಲಿನ ಮೇಲೆ ಓಡಿತು. ಬಾಲ ಎತ್ತಬೇಕಾದಲ್ಲಿ ಎತ್ತಲಿಲ್ಲ; ಆದರೂ ನೆಲ ಬಿಟ್ಟಿತು. ಒಂದು ಕ್ಷಣ, ಆ ಕಾಫಿ ಎಲೆಯಂಥ ರೆಕ್ಕೆಗಳ ಕೆಳಗೆ ಬೆಳಕು ಕಂಡಿತು. ನಾನು ಅವರ ಮುಖ ನೋಡಿದೆ. ಬಾಯಿ ಅರ್ಧ ತೆರೆದಿತ್ತು, ತರಬೇತಿಗೆ ಹೋದ ಆ ಹುಡುಗನದೇ ಮುಖ ಇರಬೇಕು. ನಾನು ತಿರುಗಿ ನೋಡುವಷ್ಟರಲ್ಲಿ ವಿಮಾನ ಮೂತಿಯನ್ನು ಆಕಾಶಕ್ಕೆತ್ತಿ ನೆಟ್ಟಗೆ ನಿಂತಿತ್ತು. ಬಾಲ ಜೋತುಬಿದ್ದಿತ್ತು. ರಿಮೋಟಿನ ಕಡ್ಡಿಯನ್ನು ಎಷ್ಟು ಮುಂದೆ ಒತ್ತಿದರೂ ಕೇಳಲಿಲ್ಲ. ನನ್ನ ಚಿಕ್ಕಂದಿನ ಆ ಚಿಟ್ಟೆಯ ಹಾಗೆಯೇ ಮಗುಚಿ, ಮೈದಾನದ ಅಂಚಿನ ಹುಲ್ಲಿಗೆ ಮೂತಿ ಕೆಳಗಾಗಿ ಬಿತ್ತು. ಬಾಲ್ಸಾ ಮುರಿಯುವ ಸದ್ದು ದೊಡ್ಡದೇನಲ್ಲ. ಹಪ್ಪಳ ಮುರಿದ ಹಾಗೆ.

ಯಾರೋ ಕೂಗಿದರು: “ರೈಟ್ರೇ, ಬಾಂಬ್ ಹಾಕಿ ಅಂದ್ರೆ ವಿಮಾನವನ್ನೇ ಹಾಕಿದ್ರಲ್ಲ!” ಇಡೀ ಮೈದಾನ ನಕ್ಕಿತು.

ನನ್ನ ಮೈ ಬೆವರಿತು. ಕರವಸ್ತ್ರಕ್ಕೆಂದು ಕೋಟಿನ ಜೇಬಿಗೆ ಕೈ ಹಾಕಿದೆ. ಬೆರಳಿಗೆ ಚೀಲ ತಾಗಿತು.

ಇಲ್ಲಿ ನಾನು ಸ್ಪಷ್ಟವಾಗಿ ಬರೆಯಬೇಕು. ಏಕೆಂದರೆ ಇಷ್ಟು ವರ್ಷ ನನಗೆ ನಾನೇ ಬೇರೆ ಬೇರೆ ರೀತಿ ಹೇಳಿಕೊಂಡಿದ್ದೇನೆ. ಆಮೇಲೆ ಗೊತ್ತಾಯಿತು ಎಂದು, ಸಂಜೆ ಕೋಟು ಬಿಚ್ಚುವಾಗ ಗೊತ್ತಾಯಿತು ಎಂದು. ಇಲ್ಲ. ಮೊದಲು ಚೀಲ ಕೈಗೆ ತಾಗಿತು. ಏನಾಯಿತೆಂದು ಪೂರ್ತಿ ಅರ್ಥವಾಯಿತು. ಚೀಲ ಮುಷ್ಟಿಯೊಳಗೆ ಇರುವಾಗಲೇ ನನ್ನ ಬಾಯಿ ತೆರೆಯಿತು. ಅಷ್ಟು ಜನ “ಯಾರು?” ಎನ್ನುವ ಹಾಗೆ ನನ್ನನ್ನು ನೋಡುತ್ತಿದ್ದರು. ನಾಲಿಗೆಯ ತುದಿಯಲ್ಲಿ ಹೆಸರು ತಯಾರಿತ್ತು.

“ನಾನೇನು ಮಾಡ್ಲಿ? ನಡುಗೋ ಕೈಯಲ್ಲಿ ಅಂಟಿಸಿದ ಬಾಲ. ಗಾಳಿಗೆ ಬಿಟ್ಕೊಂಡಿದೆ. ಅವರಿಗೆ ಆಗಲ್ಲ ಅಂತ ನಾನು ಮೊದಲೇ ಹೇಳಿದ್ದೆ.”

ನಗು ನಿಂತಿತು. ಎಲ್ಲರ ಕಣ್ಣು ಅವರ ಕೈಗಳ ಕಡೆ ತಿರುಗಿತು. ಅವರೂ ತಮ್ಮ ಕೈಗಳನ್ನು ನೋಡಿಕೊಂಡರು. ಎರಡೂ ನಡುಗುತ್ತಿದ್ದವು. ಮೆಲ್ಲಗೆ ಅವನ್ನು ಕೆಂಪು ಚೇಲೆಯ ಮಡಿಕೆಯೊಳಗೆ ತೂರಿಸಿದರು.

“ಇರಬಹುದು” ಎಂದರು.

ಆಮೇಲೆ ಪಂದ್ಯ ಶುರುವಾಯಿತು. ಮೈಕಿನವನು ಒಬ್ಬೊಬ್ಬರನ್ನೇ ಕರೆಯುತ್ತಾ ಅವರ ಹೆಸರನ್ನೂ ಕರೆದ. ವಾರಂಟ್ ಎಂದಲ್ಲ, ಮನೆತನದ ಹೆಸರು ಸೇರಿಸಿ, ಪೂರ್ತಿ ಹೆಸರು. ಅವರು ಏಳಲಿಲ್ಲ. ಇನ್ನೊಮ್ಮೆ ಕರೆದ. ದೇಚಮ್ಮ ಕೋವಿ ತಂದು ಪಕ್ಕದಲ್ಲಿ ನಿಂತರು. “ಈ ಸಲ ಬೇಡ” ಎಂದರು ವಾರಂಟ್, ಚೇಲೆಯಿಂದ ಕೈ ತೆಗೆಯದೆ. ಮುಂದಿನ ವರ್ಷವೂ ಬೇಡ ಎಂದರಂತೆ. ಆಮೇಲೆ ಯಾರೂ ಕರೆಯಲಿಲ್ಲ.

ಮರುದಿನ ನಾನು ಅತ್ತ ಹೋಗುವಾಗ ಅವರು ಒಬ್ಬರೇ ಮೈದಾನದ ಅಂಚಿನಲ್ಲಿ ಹುಲ್ಲು ಸರಿಸುತ್ತಿದ್ದರು. ಮುರಿದ ವಿಮಾನವ‌ನ್ನು ಗೋಣಿಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು. ಮೂತಿ ಪುಡಿಯಾಗಿತ್ತು. ರೆಕ್ಕೆ ತುಂಡಾಗಿತ್ತು. ಬಾಲ ಮಾತ್ರ ಇಡಿಯಾಗಿತ್ತು. ಅಂಟು ಹಾಕಿದ ಕಡೆ ಒಂದು ಗೆರೆಯೂ ಬಿಟ್ಟಿರಲಿಲ್ಲ.

“ಏನು ಹುಡುಕ್ತಿದೀರಿ ಸಾರ್?”

“ಸೀಸದ ಚೀಲ. ಎಲ್ಲ ಸಿಕ್ಕಿತು, ಅದೊಂದು ಸಿಗ್ಲಿಲ್ಲ.”

ನಾನು ಏನು ಮಾಡಿದೆ ಗೊತ್ತೇ? ನಾನೂ ಬಗ್ಗಿ ಹುಡುಕಿದೆ. ಚೀಲ ಮನೆಯಲ್ಲಿ ಕೋಟಿನ ಜೇಬಿನಲ್ಲಿ ನೇತಾಡುತ್ತಿರುವಾಗ, ಪಂಚೆ ಎತ್ತಿ ಕಟ್ಟಿ, ಅವರ ಪಕ್ಕದಲ್ಲಿ ಹುಲ್ಲು ಸರಿಸಿ ಸರಿಸಿ ಹುಡುಕಿದೆ. “ಆ ಕಡೆ ಬಿದ್ದಿರಬೇಕು ಸಾರ್” ಎಂದು ದೂರಕ್ಕೆ ಕೈ ತೋರಿಸಿ, ಅಲ್ಲಿಗೂ ಹೋಗಿ ಹುಡುಕಿದೆ. ಅವರು ಸ್ವಲ್ಪ ಹೊತ್ತು ನಾನು ಹುಡುಕುವುದನ್ನೇ ನೋಡುತ್ತಾ ನಿಂತರು. ಆಮೇಲೆ ಹೇಳಿದರು.

“ಸಾಕು ಬಿಡಿ ರೈಟ್ರೇ. ನೆಲಕ್ಕೆ ಬಿದ್ದಿದ್ರೆ ಸಿಕ್ತಿತ್ತು.”

ಜೀವಮಾನವಿಡೀ ಬಿದ್ದ ವಿಮಾನಗಳನ್ನು ನೋಡಿದ ಮನುಷ್ಯ. ಅವರಿಗೆ ತಿಳಿಯಿತೆಂದು ನನಗೆ ತಿಳಿಯಿತು. ನಾನೇ ಹೇಳಲೆಂದು ಅವರು ಕಾದರು. ನಾನು ಪಂಚೆಗೆ ಅಂಟಿದ ಹುಲ್ಲಿನ ಬೀಜ ಬಿಡಿಸುತ್ತಾ ನಿಂತೆ. ಅವರು ಗೋಣಿ ಮಡಚಿಕೊಂಡು ಮನೆಗೆ ಹೋದರು.

ಕೊಟ್ಟಿಗೆಗೆ ಮತ್ತೆ ಸೌದೆ ಬಂತು. ಜಗಲಿಯಲ್ಲಿ ಯಾರಾದರೂ ಇದ್ದರೆ ಅವರು ಕಾಫಿ ಮುಟ್ಟುತ್ತಿರಲಿಲ್ಲ. ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡೇ ಮಾತಾಡುತ್ತಿದ್ದರು. ನಾನು ಹೋಗುವುದು ಕಡಿಮೆ ಮಾಡಿದೆ. ಮಂಡಿ ನೋವು ಎಂದೆ. ಒಂದು ದಿನ ದೇಚಮ್ಮ ಬೇಲಿಯ ಮೇಲಿಂದ ಅವರ ಸಲಕರಣೆಯ ಪೆಟ್ಟಿಗೆ ದಾಟಿಸಿದರು. ಬ್ಲೇಡು, ಸಣ್ಣ ಗರಗಸ, ಇಕ್ಕಳ, ಎಲ್ಲವೂ ಎಣ್ಣೆ ಒರೆಸಿ ಸಾಲಾಗಿದ್ದವು. “ಅವರಿಗೆ ಇನ್ನು ಬೇಡವಂತೆ. ನಿಮ್ಮ ಕೈ ಗಟ್ಟಿ ಉಂಟಲ್ಲ, ನಿಮಗೆ ಉಪಯೋಗ ಆಗ್ತದೆ ಅಂತ ಹೇಳಿದ್ರು.” ತಳದಲ್ಲಿ ನನ್ನ ಹೆಸರು ಬರೆದಿದ್ದ ಆ ಮರದ ತುಂಡು ಇತ್ತು. ಒಡೆದಿರಲಿಲ್ಲ, ಸುತ್ತಲೂ ಬ್ಲೇಡಿನಿಂದ ನೀಟಾಗಿ ಕೊಯ್ದು ತೆಗೆದಿದ್ದರು. ಆ ಅಂಚು ಒಂದು ಕಡೆಯೂ ನಡುಗಿರಲಿಲ್ಲ.

ಅವರು ಹೋದದ್ದು ಒಂದು ಬೆಳಿಗ್ಗೆ. ನಾನು ಹಲ್ಲುಜ್ಜುತ್ತಿದ್ದೆ. ಕೊಡವರ ಮನೆಯಲ್ಲಿ ಸಾವಾದರೆ ಊರಿಗೆ ತಿಳಿಸಲು ಎರಡು ಗುಂಡು ಹಾರಿಸುತ್ತಾರೆ. ಮೊದಲನೆಯದು ಕೇಳಿದಾಗ ಬೇಟೆಯೋ ಏನೋ ಎಂದುಕೊಂಡೆ. ಎರಡನೆಯದಕ್ಕಾಗಿ ಬಾಯಿ ತುಂಬಾ ನೊರೆ ಇಟ್ಟುಕೊಂಡು ಕಾದೆ. ಬಂತು. ಹೆಂಡತಿ ಒಳಗಿನಿಂದ, “ರೀ, ಹೋಗಿ ರೀ” ಎಂದಳು. ಹೋದೆ. ಹೆಗಲೂ ಕೊಟ್ಟೆ. ನಾವು ಎಷ್ಟು ಒಳ್ಳೆಯ ಸ್ನೇಹಿತರಾಗಿದ್ದೆವೆಂದು ಅಲ್ಲಿ ಬಂದವರೆಲ್ಲ ಹೇಳಿದರು. ನಾನು ತಲೆಯಾಡಿಸಿದೆ.

ಕೆಲವು ತಿಂಗಳ ನಂತರ ಧೈರ್ಯ ಮಾಡಿ ಚೀಲ ಹಿಡಿದುಕೊಂಡು ದೇಚಮ್ಮನ ಹತ್ತಿರ ಹೋದೆ. ಹೇಳಿಯೇ ತೀರುತ್ತೇನೆಂದು ಹೋದೆ. ದಾರಿಯುದ್ದಕ್ಕೂ ವಾಕ್ಯವನ್ನು ಜೋಡಿಸಿಕೊಂಡಿದ್ದೆ. ಅವರು ಚೀಲ ಕಂಡೊಡನೆ ಕಣ್ಣರಳಿಸಿದರು.

“ಅಯ್ಯೋ, ಇದು ನನ್ನ ರವಿಕೆ ಬಟ್ಟೆ ಅಲ್ವಾ! ಎಲ್ಲಿ ಸಿಕ್ಕಿತು ರೈಟ್ರೇ? ಅವರು ಎಷ್ಟು ಹುಡುಕಿದ್ರು!”

“ಮೈದಾನದಲ್ಲಿ ಅಕ್ಕ” ಎಂದೆ. “ಹುಲ್ಲಲ್ಲಿ.”

ಬೇರೆ ಯಾವ ಉತ್ತರವೂ ನನ್ನ ಬಾಯಿಗೆ ಅಷ್ಟು ಬೇಗ ಬರುತ್ತಿರಲಿಲ್ಲ. ಅವರು ಚೀಲವನ್ನು ಕೆನ್ನೆಗೆ ಒತ್ತಿಕೊಂಡರು. “ಇಷ್ಟು ದಿನ ಆದ ಮೇಲೂ ನೀವು ಹುಡುಕಿದ್ರಲ್ಲ. ನೀವೇ ಇಟ್ಕೊಳ್ಳಿ ರೈಟ್ರೇ, ಅವರ ನೆನಪಿಗೆ” ಎಂದು ನನ್ನ ಕೈಗೇ ಕೊಟ್ಟರು. ಅಂದಿನಿಂದ ನೆಂಟರ ಮುಂದೆಲ್ಲ ಆ ಕಥೆ ಹೇಳುತ್ತಾರೆ. ಸ್ನೇಹಿತನ ವಿಮಾನದ ಸೀಸವನ್ನು ಹುಲ್ಲಿನಲ್ಲಿ ಹುಡುಕಿ ತಂದ ರೈಟರ ಕಥೆ. ಹಬ್ಬಕ್ಕೆ ತಪ್ಪದೆ ಕರೆಯುತ್ತಾರೆ, ಎಲ್ಲರಿಗಿಂತ ಮೊದಲು ಬಡಿಸುತ್ತಾರೆ. ನಾನು ಉಣ್ಣುತ್ತೇನೆ.

ಅಕ್ಕ, ನೀವು ಇದನ್ನು ಓದುತ್ತೀರೆಂದು ನನಗೆ ಗೊತ್ತು. ಅಚ್ಚಾದದ್ದನ್ನೆಲ್ಲ ಓದುವವರು ನೀವು. ಚೀಲ ಹುಲ್ಲಿನಲ್ಲಿ ಸಿಗಲಿಲ್ಲ. ಅದು ನೆಲಕ್ಕೆ ಬೀಳಲೇ ಇಲ್ಲ. ಬಾಲ ಗಟ್ಟಿಯಾಗಿಯೇ ಇತ್ತು. ಮುಂದಿನ ಹಬ್ಬಕ್ಕೆ ಕರೆಯದಿದ್ದರೆ ನಾನು ಯಾಕೆಂದು ಕೇಳುವುದಿಲ್ಲ.

ಅವರಿಗೆ ಮಾತ್ರ ಹೇಳಲಾಗಲಿಲ್ಲ. ವಿಮಾನ ಹಾರಿದ ದಿನ ಹೆಸರು ಹಿಡಿದು ಕರೆಯುತ್ತೇನೆ ಎಂದಿದ್ದೆ. ಹಾರಲಿಲ್ಲವಲ್ಲ ಎಂಬ ನೆಪದಲ್ಲಿ ಕೊನೆಯವರೆಗೂ ಸಾರ್ ಎಂದೇ ತಪ್ಪಿಸಿಕೊಂಡೆ. ಆದರೆ ಅದು ಹಾರಿತ್ತು. ರೆಕ್ಕೆಯ ಕೆಳಗೆ ಬೆಳಕು ಕಂಡದ್ದನ್ನು ನಾವಿಬ್ಬರೂ ನೋಡಿದ್ದೆವು. ನಿಮ್ಮ ಕೈ ಅದನ್ನು ನೆಲದಿಂದ ಎಬ್ಬಿಸಿತು, ನನ್ನ ಕೈ ಕೆಡವಿತು, ಮೊಣ್ಣಪ್ಪ.